ಹೊಂಗನೂರಿನ ಮನೆಯೂ ಗಾಜಿನ ಎಳೆಯೂ

ಮನೆ ಬದಲಾಯಿಸುವುದಕ್ಕೆ ಮುಂಚೆ ಪಂಚಾಂಗವನ್ನು ನೋಡುವುದು ನಮ್ಮವರ ಪದ್ಧತಿ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳೂ ಅನುಕೂಲವಾಗಿದ್ದರೆ ಹಾಲು ಉಕ್ಕಿಸಿ ಒಳಗೆ ಕಾಲಿಡಬಹುದು. ನಾವೂ ಹಾಗೆಯೇ ನೋಡಿದೆವು, ಐದೂ ಸರಿಯಾಗಿದ್ದುವು. ಆದರೆ ಈಗಿನ ಕಾಲದಲ್ಲಿ ಆರನೆಯದೊಂದು ಅಂಗವೂ ಇದೆಯೆಂಬುದು, ಅದನ್ನು ಯಾವ ಜೋಯಿಸರೂ ನೋಡಿ ಹೇಳಲಾರರೆಂಬುದು, ನಮಗೆ ತಿಳಿದದ್ದು ಹೊಂಗನೂರಿನಲ್ಲಿ ಸಾಮಾನು ಇಳಿಸಿದ ಮೂರನೆಯ ದಿನ. ಆ ಅಂಗವು ಇಂಟರ್ನೆಟ್ಟಿನ ತಂತಿ.

ಹೊಂಗನೂರು ಚನ್ನಪಟ್ಟಣ ತಾಲ್ಲೂಕಿನ ಗ್ರಾಮ. ಸುತ್ತಲೂ ರಾಗಿ, ಹಿಪ್ಪುನೇರಳೆ, ತೆಂಗು, ಮಾವುಗಳ ಸೀಮೆ. ನಮ್ಮ ಹಿರಿಯರ ಮನೆ ಅಲ್ಲಿ ಊರಿನ ಕೊನೆಯಲ್ಲಿ, ಒಂದು ತೆಂಗಿನ ತೋಟದ ಮಗ್ಗುಲಲ್ಲಿದೆ. ಉದ್ಯೋಗದ ನಿಮಿತ್ತ ನಾವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಬಾಡಿಗೆಯ ಮನೆಗಳಲ್ಲಿ ಕಳೆದೆವು. ಕೊನೆಯದು ಬನಶಂಕರಿಯ ಕಡೆ ಮೂರನೆಯ ಅಂತಸ್ತಿನಲ್ಲಿತ್ತು. ನಮ್ಮ ತಾಯಿಯವರಿಗೆ ಈಗ ಎಂಬತ್ತನಾಲ್ಕು ವಯಸ್ಸು. ಆ ಮನೆಯಲ್ಲಿ ಅವರಿಗೆ ಊಟ ಸೇರದಾಯಿತು, ನಿದ್ರೆ ಹತ್ತದಾಯಿತು. “ನೆಲ ಮೆಟ್ಟದೆಯೇ ಹೋಗಿಬಿಡಬೇಕೇನಪ್ಪಾ ನಾನು?” ಎಂದು ಒಂದು ದಿನ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಳೆಯ ಮನೆಗೆ ಹೆಂಚು ಹೊದಿಸಿ, ಗೋಡೆಗೆ ಸುಣ್ಣ ಬಳಿಸಿ, ಎಲ್ಲರೂ ಒಟ್ಟಿಗೆ ಹೋಗುವುದೆಂದು ನಿಶ್ಚಯಿಸಿದೆವು.

ಎಲ್ಲರೂ ಎಂಬ ಮಾತಿನಲ್ಲಿಯೇ ತೊಡಕಿತ್ತು. ನಮ್ಮ ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಚನ್ನಪಟ್ಟಣದಿಂದ ರೈಲು ಹಿಡಿದರೆ ಅವನು ದಿನವೂ ಹೋಗಿಬರಬಲ್ಲನು. ನಮ್ಮ ಸೊಸೆ ಒಂದು ಕಂಪೆನಿಯ ಲೆಕ್ಕಪತ್ರಗಳನ್ನು ಮನೆಯಿಂದಲೇ ನೋಡಿಕೊಳ್ಳುವವಳು. ವಾರಕ್ಕೆ ಒಂದು ದಿನ ಮಾತ್ರ ಕಚೇರಿಗೆ ಹೋಗುತ್ತಾಳೆ. ಮೊಮ್ಮಗಳಿಗೆ ನಾಲ್ಕು ವರ್ಷ. “ನನಗೆ ಏನೂ ತೊಂದರೆಯಿಲ್ಲ ಮಾವ, ಒಳ್ಳೆಯ ನೆಟ್ಟು ಒಂದಿದ್ದರೆ ಆಯಿತು” ಎಂದು ಸೊಸೆ ಸಂತೋಷದಿಂದಲೇ ಹೇಳಿದಳು. ಬೆಂಗಳೂರಿನ ಮನೆಯಲ್ಲಿ ನೆಟ್ಟೆಂಬುದು ನಲ್ಲಿಯ ನೀರಿನಂತಿತ್ತು. ನಮ್ಮ ಬೀದಿಯ ಒಂದೊಂದು ಕಂಬಕ್ಕೂ ಐದಾರು ಸಂಸ್ಥೆಗಳ ತಂತಿಗಳು ಜಡೆಯಂತೆ ಹೆಣೆದುಕೊಂಡಿದ್ದುವು. ಒಬ್ಬರ ಸೇವೆ ಕೆಟ್ಟರೆ ಮತ್ತೊಬ್ಬರು ಮರುದಿನವೇ ಬಂದು ಪೆಟ್ಟಿಗೆ ಹಚ್ಚಿ ಹೋಗುತ್ತಿದ್ದರು. ಸೆಕೆಂಡಿಗೆ ನೂರು ಮೆಗಾಬಿಟ್ಟಿನ ವೇಗಕ್ಕೆ ನಾವು ತಿಂಗಳಿಗೆ ಆರುನೂರು ರೂಪಾಯಿ, ಅದರ ಮೇಲೆ ಶೇಕಡ ೧೮ರ ತೆರಿಗೆ, ಒಟ್ಟು ೭೦೮ ರೂಪಾಯಿ ತೆರುತ್ತಿದ್ದೆವು.

ವಿಚಾರಿಸದೆ ಹೊರಟೆವೆಂದು ವಾಚಕರು ತಿಳಿಯಬಾರದು. ಒಂದು ದೊಡ್ಡ ಸಂಸ್ಥೆಯ ಪುಟದಲ್ಲಿ ಹೊಂಗನೂರಿನ ಪಿನ್‌ಕೋಡನ್ನು ಬರೆದು ನೋಡಿದೆವು. ‘ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ’ ಎಂದು ಹಸಿರು ಗುರುತಿನೊಡನೆ ಉತ್ತರ ಬಂದಿತು. ಅಂಚೆಯ ಒಂದು ಅಂಕಿಯೊಳಗೆ ಎಷ್ಟೋ ಹಳ್ಳಿಗಳು ಅಡಗಿರುತ್ತವೆ. ಅವುಗಳಲ್ಲಿ ಒಂದೂರಿನ ಒಂದು ಬೀದಿಗೆ ತಂತಿ ಬಂದಿದ್ದರೂ ಆ ಅಂಕಿಗೆಲ್ಲ ಹಸಿರು ಗುರುತು ಬೀಳುತ್ತದೆಂಬುದನ್ನು ಆಮೇಲೆ ಕಲಿತೆವು. ನ್ಯಾಯಶಾಸ್ತ್ರದವರು ಇದನ್ನು ಅತಿವ್ಯಾಪ್ತಿಯೆನ್ನುತ್ತಾರೆ. ಅಡವಿನಲ್ಲಿ ಈ ದೋಷವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆವೋ! ನಮ್ಮ ಮನೆಯ ವಿಷಯದಲ್ಲಿ ಮಾತ್ರ ನೆನಪಾಗಲಿಲ್ಲ.

ಬೆಂಗಳೂರಿನಿಂದ ಲಾರಿಯ ಹಿಂದೆ ನಾವು ಬಾಡಿಗೆಯ ಕಾರಿನಲ್ಲಿ ಹೊರಟೆವು. ಈಗಿನ ಬೆಂಗಳೂರು ಮೈಸೂರು ಹೆದ್ದಾರಿಯನ್ನು ನೋಡಿದವರು ಮೆಚ್ಚದೆ ಇರಲಾರರು. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಈ ೧೧೯ ಕಿಲೋಮೀಟರಿನ ಮಾರ್ಗವು ರಾಮನಗರವನ್ನೂ ಚನ್ನಪಟ್ಟಣವನ್ನೂ ಮುಟ್ಟದೆಯೇ ಪಕ್ಕದಲ್ಲಿ ಹಾದುಹೋಗುತ್ತದೆ. ಅದೇ ವರ್ಷದ ಆಗಸ್ಟ್ ೧ರಿಂದ ಅದರ ನಡುದಾರಿಯ ಮೇಲೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹಳೆಯ ರಸ್ತೆಯಲ್ಲಿ ಹೋಗುವಾಗ ಚನ್ನಪಟ್ಟಣದ ಬೊಂಬೆಯ ಅಂಗಡಿಗಳ ಮುಂದೆ ಕಾರು ನಿಲ್ಲದಿರುತ್ತಿರಲಿಲ್ಲ. ಹಿಂದಿನ ಆಸನದ ಮಕ್ಕಳು ಬಿಡುತ್ತಿರಲಿಲ್ಲ. ಹೊಸ ದಾರಿಯಲ್ಲಿ ಆ ಊರೇ ಕಾಣದು. ಅರಗಿನ ಬಣ್ಣದ ಆ ಕುದುರೆ, ಬುಗುರಿ, ಗಿಲಕಿಗಳನ್ನು ಮಾರುವವರು ವ್ಯಾಪಾರ ಇಳಿದುಹೋಯಿತೆಂದು ದುಃಖಿಸುವುದರಲ್ಲಿ ಸತ್ಯವಿದೆ. ಹಾದುಹೋಗುವುದು ಒಂದು, ಬರುವುದು ಮತ್ತೊಂದು. ಅಂದು ಕಾರಿನಲ್ಲಿ ಕುಳಿತಾಗ ನಮಗೆ ಇದು ಬೊಂಬೆಯವರ ಕಷ್ಟವೆಂದು ಮಾತ್ರ ತೋರಿತು.

ದಾರಿಯ ಫಲಕಗಳ ಕಡೆ ನೋಡುತ್ತ ನಮ್ಮ ಮಗ ನಕ್ಕನು. ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತಷ್ಟೆ. “ನಾವು ಬೆಂಗಳೂರು ಬಿಟ್ಟೇ ಇಲ್ಲ ಅಣ್ಣ, ದಕ್ಷಿಣಕ್ಕೆ ಸ್ವಲ್ಪ ಸರಿದಿದ್ದೇವೆ, ಅಷ್ಟೆ” ಎಂದನು. ಬೆಂಗಳೂರಿನ ಹೆಸರು ಬಂದಿತ್ತು, ದಿಟ. ತಂತಿಗೆ ಆ ವರ್ತಮಾನ ತಲುಪಿರಲಿಲ್ಲ.

ಹಾಲು ಉಕ್ಕಿತು. ತಾಯಿಯವರು ಹಿತ್ತಲಿನ ಕರಿಬೇವಿನ ಗಿಡವನ್ನು ಮುಟ್ಟಿ ನೋಡಿ, ಮಧ್ಯಾಹ್ನ ಎರಡು ಸಲ ಹುಳಿ ಬಡಿಸಿಕೊಂಡು ಊಟಮಾಡಿದರು. ಮೂರನೆಯ ದಿನ ಹಸಿರು ಗುರುತಿನ ಸಂಸ್ಥೆಯ ಹುಡುಗನು ಬಂದನು. ಸಭ್ಯನಾದ ಹುಡುಗ. ಜಗಲಿಯ ಮೇಲೆ ನಿಂತು ಫೋನಿನಲ್ಲಿ ನಕ್ಷೆಯನ್ನು ನೋಡಿದನು, ಬೀದಿಯ ತುದಿಯವರೆಗೆ ನಡೆದುಹೋಗಿ ಬಂದನು, ಮಜ್ಜಿಗೆ ಕುಡಿದನು. “ಸಾರ್, ನಿಮ್ಮದು ಫೀಸಿಬಲ್ ಇಲ್ಲ” ಎಂದನು. ಹಾಗೆಂದರೇನೆಂದು ಕೇಳಿದೆವು. “ಆಗಲ್ಲ ಅಂತಲ್ಲ ಸಾರ್. ಫೀಸಿಬಲ್ ಇಲ್ಲ.” ನಾವು ಮೂವತ್ತು ವರ್ಷ ಶಬ್ದಗಳ ಅರ್ಥಗಳನ್ನು ಹೇಳಿಕೊಟ್ಟವರು, ಈ ಶಬ್ದದ ಮುಂದೆ ಸೋತೆವು. ಅಸಾಧ್ಯವೂ ಅಲ್ಲ, ಸಾಧ್ಯವೂ ಅಲ್ಲ. ಸಂಸ್ಥೆಗೆ ಲಾಭವಿಲ್ಲವೆಂಬುದಕ್ಕೆ ಇದೊಂದು ಸೌಮ್ಯವಾದ ಪರ್ಯಾಯಪದವೆಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ನಾವು ಒಂದು ತಿಂಗಳು ಅಲೆದೆವು. ಟೀವಿಯ ಕೇಬಲ್ಲು ಎಳೆಯುವವನೊಬ್ಬನು ಇಂಟರ್ನೆಟ್ಟಿನ ವ್ಯವಹಾರವನ್ನೂ ಇಟ್ಟುಕೊಂಡಿದ್ದನು. ಅವನ ಲೆಕ್ಕ ಹೀಗಿತ್ತು: ಸೆಕೆಂಡಿಗೆ ಮೂವತ್ತು ಮೆಗಾಬಿಟ್ಟಿಗೆ ತಿಂಗಳಿಗೆ ೭೯೯ ರೂಪಾಯಿ, ತೆರಿಗೆ ಬೇರೆ, ಆರು ತಿಂಗಳದು ಮುಂಗಡ. ಅದು ತೆರಿಗೆ ಸೇರಿ ೫,೬೫೭ ರೂಪಾಯಿ. ಜೋಡಿಸುವ ಖರ್ಚು ೨,೫೦೦. ಅವನ ಕೊನೆಯ ಡಬ್ಬದಿಂದ ನಮ್ಮ ಮನೆಗೆ ೫೪೦ ಮೀಟರು. ಮೊದಲ ಇನ್ನೂರು ಮೀಟರು ಉಚಿತ, ಉಳಿದ ೩೪೦ ಮೀಟರಿಗೆ ಮೀಟರೊಂದಕ್ಕೆ ಹನ್ನೆರಡು ರೂಪಾಯಿಯಂತೆ ೪,೦೮೦. ಒಟ್ಟು ೧೨,೨೩೭ ರೂಪಾಯಿ. ನಗರದಲ್ಲಿದ್ದ ವೇಗದ ಮೂರನೆಯ ಒಂದು ಪಾಲಿಗೂ ಕಡಿಮೆ, ತಿಂಗಳ ಬೆಲೆ ಅದಕ್ಕಿಂತ ಹೆಚ್ಚು. ಕೊಳ್ಳುವೆವೆಂದರೂ ದಾರಿಯಲ್ಲಿ ಒಬ್ಬರ ತೋಟದ ಮೇಲೆ ತಂತಿ ಹಾಯಬೇಕಾಗಿತ್ತು. ಆ ತೋಟದ ಯಜಮಾನರು ದೂರದೂರಿನಲ್ಲಿದ್ದರು.

ಮತ್ತೊಂದು ಸಂಸ್ಥೆಯವರು ತಂತಿಯೇ ಬೇಡ, ಗಾಳಿಯ ಮೂಲಕವೇ ಕೊಡುತ್ತೇವೆಂದರು. ಐದನೆಯ ತಲೆಮಾರಿನ ಫೋನಿನ ಅಲೆಗಳು ೨೦೨೨ರ ಅಕ್ಟೋಬರ್ ೧ರಂದು ಈ ದೇಶದಲ್ಲಿ ಆರಂಭವಾದುವಲ್ಲವೆ? ಮಾಳಿಗೆಯ ಮೇಲೆ ಒಂದು ಪೆಟ್ಟಿಗೆಯಿಟ್ಟರೆ ಅವೇ ಅಲೆಗಳು ಮನೆಗೆ ಇಳಿಯುತ್ತವೆ. ಇದು ಸುಳ್ಳಲ್ಲ, ಅನೇಕ ಊರುಗಳಲ್ಲಿ ಇದರಿಂದ ಜನಕ್ಕೆ ಅನುಕೂಲವಾಗಿದೆ. ನಮ್ಮ ಮನೆಗೂ ಗೋಪುರಕ್ಕೂ ನಡುವೆ ತೆಂಗಿನ ತೋಟವಿತ್ತು. ನೀರು ತುಂಬಿದ ಹಸಿರೆಲೆ ಈ ಅಲೆಗಳನ್ನು ಹೀರುತ್ತದೆ; ಮಳೆಯಲ್ಲಿ ನೆನೆದ ಗರಿಗಳು ಇನ್ನೂ ಹೆಚ್ಚು. ಬೆಳಗಿನ ಹೊತ್ತು ನೆಟ್ಟು ಚೆನ್ನಾಗಿಯೇ ಬರುತ್ತಿತ್ತು. ಸಂಜೆ ಊರಿನ ಹುಡುಗರೆಲ್ಲ ಕ್ರಿಕೆಟ್ಟು ನೋಡುವ ಸಮಯಕ್ಕೆ ಗೋಪುರದ ಪಾಲು ಎಲ್ಲರಿಗೂ ಹಂಚಿಹೋಗಿ ನಮಗೆ ಉಳಿಯುತ್ತಿದ್ದುದು ತೊಟ್ಟಿಯ ತಳದ ನೀರು. ಒಂದು ವಾರ ನೋಡಿ ಅವರೇ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದರು. ಕಟ್ಟಿದ ಹಣದಲ್ಲಿ ಅರ್ಧ ಹಿಂದಿರುಗಿತು.

ಸೊಸೆ ಹತ್ತು ದಿನ ಫೋನಿನ ನೆಟ್ಟಿನಲ್ಲಿಯೇ ಕೆಲಸ ಮಾಡಿದಳು. ಮನೆಯಲ್ಲಿ ಅದು ಸರಿಯಾಗಿ ಸಿಕ್ಕುತ್ತಿದ್ದ ಸ್ಥಳ ಒಂದೇ: ಮಾಳಿಗೆಗೆ ಹತ್ತುವ ಮೆಟ್ಟಿಲಿನ ಮೇಲಿನ ತಿರುವು. ಅಲ್ಲಿ ಒಂದು ಮಣೆ ಹಾಕಿಕೊಂಡು, ತೊಡೆಯ ಮೇಲೆ ಯಂತ್ರವನ್ನಿಟ್ಟುಕೊಂಡು ಕುಳಿತಿರುತ್ತಿದ್ದಳು. ನಮ್ಮ ಮನೆಯಾಕೆ ಮಧ್ಯಾಹ್ನದ ಕಾಫಿಯನ್ನು ಅಲ್ಲಿಗೇ ಒಯ್ದು ಕೊಡುತ್ತಿದ್ದರು. ಒಂದು ದಿನ ಅವಳ ಮೇಲಧಿಕಾರಿಗಳೊಡನೆ ಮಾತುಕತೆ ನಡೆಯುತ್ತಿರುವಾಗ ಮಾತು ನಾಲ್ಕು ಸಲ ತುಂಡಾಯಿತು. ನಾಲ್ಕನೆಯ ಸಲ ಅವಳು ಯಂತ್ರವನ್ನು ಮುಚ್ಚಿ ಸುಮ್ಮನೆ ಕುಳಿತುದನ್ನು ನಾವು ಹಜಾರದಿಂದ ನೋಡಿದೆವು. ಕೆಳಗಿಳಿದು ಬಂದು, “ಮಾವ, ಇನ್ನೊಂದು ವಾರ ಹೀಗೆಯೇ ಆದರೆ ಕೆಲಸ ಹೋಗುತ್ತದೆ” ಎಂದಳು. ಯಾರ ಮೇಲೂ ಆಕ್ಷೇಪಣೆಯಿರಲಿಲ್ಲ ಅವಳ ದನಿಯಲ್ಲಿ. ಅದೇ ನಮಗೆ ಹೆಚ್ಚು ಕಷ್ಟವಾಯಿತು. ಭಾನುವಾರ ಮಗ, ಸೊಸೆ, ಮೊಮ್ಮಗಳು ಮೂವರೂ ಬೆಂಗಳೂರಿನಲ್ಲಿ ಒಂದು ಚಿಕ್ಕ ಮನೆಯನ್ನು ಗೊತ್ತುಮಾಡಿಕೊಂಡು ಹೊರಟರು. ತಾಯಿಯವರು ಬಾಗಿಲಲ್ಲಿ ನಿಂತು ಮರಿಮೊಮ್ಮಗಳ ಕೆನ್ನೆಯನ್ನು ನೇವರಿಸಿ, “ಆ ದಾರ ಬಂದರೆ ಮಗು ಬರುತ್ತದೆಯೇನಪ್ಪಾ?” ಎಂದು ನಮ್ಮನ್ನು ಕೇಳಿದರು. ಬರುತ್ತದೆಯಮ್ಮಾ ಎಂದೆವು. ಆಮೇಲೆ ದಿನವೂ ಬೆಳಗ್ಗೆ ಅದೇ ಪ್ರಶ್ನೆ. ದಾರ ಬಂತೇನಪ್ಪಾ?

ದಾರವೆಂಬ ಅವರ ಮಾತು ತಪ್ಪಲ್ಲ. ಈ ತಂತಿಯ ಒಳಗಿರುವುದು ಕೂದಲಿಗಿಂತ ತುಸು ದಪ್ಪವಾದ ಒಂದು ಗಾಜಿನ ಎಳೆ. ಅದರ ಒಂದು ತುದಿಯಲ್ಲಿ ಬೆಳಕನ್ನು ಮಿಣುಕಿಸಿದರೆ ಒಳಗೋಡೆಗೆ ತಾಗಿ ತಾಗಿ ಪ್ರತಿಫಲಿಸುತ್ತ ಮತ್ತೊಂದು ತುದಿಯನ್ನು ಸೇರುತ್ತದೆ. ಆ ಮಿಣುಕುಗಳೇ ನಮ್ಮ ಅಕ್ಷರಗಳೂ ಚಿತ್ರಗಳೂ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನೋಡಿ ಬೆಳೆದ ನಮ್ಮವರಿಗೆ ಎಳೆಯ ವಿಷಯ ಹೊಸದಲ್ಲ. ಒಂದೇ ರೇಷ್ಮೆಗೂಡಿನಿಂದ ನೂರಾರು ಮೀಟರು ಎಳೆ ಬಿಚ್ಚುತ್ತದೆ. ಗೂಡಿನಲ್ಲಿಯೂ ಗಾಜಿನಲ್ಲಿಯೂ ಎಳೆಗಾಗಿ ತಗಲುವ ವೆಚ್ಚ ಸ್ವಲ್ಪ. ಬಿಚ್ಚುವ, ಎಳೆಯುವ, ಕೂಡಿಸುವ ಕೆಲಸದ್ದೇ ವೆಚ್ಚ. ಕೇಂದ್ರದಿಂದ ಬಂದ ಒಂದು ಗಾಜಿನೆಳೆಯನ್ನು ಒಂದು ಪುಟ್ಟ ಡಬ್ಬದಲ್ಲಿ ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಕವಲೊಡೆಯುತ್ತಾರೆ. ಬೆಂಗಳೂರಿನಲ್ಲಿ ಮೂವತ್ತೆರಡು ಮನೆಗಳು ಒಂದೇ ಕಟ್ಟಡದಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಹಳ್ಳಿಯಲ್ಲಿ ಅವು ಹೊಲ ತೋಟಗಳ ನಡುವೆ ಹರಡಿಕೊಂಡಿರುತ್ತವೆ. ಮೂವತ್ತೆರಡರಲ್ಲಿ ನಾಲ್ವರು ಮಾತ್ರ ಹಣ ಕಟ್ಟಿದರೆ ಆ ಡಬ್ಬದ ಖರ್ಚು ಹುಟ್ಟುವುದಿಲ್ಲ. ಆದುದರಿಂದಲೇ ಒಂದು ಸಂಸ್ಥೆ ಬಂದ ಬೀದಿಗೆ ಎರಡನೆಯ ಸಂಸ್ಥೆ ಬರಲು ಹಿಂಜರಿಯುತ್ತದೆ. ಎರಡನೆಯದು ಬರಲಾರದೆಂದು ಮೊದಲನೆಯದಕ್ಕೆ ಗೊತ್ತು; ಬೆಲೆಯನ್ನು ಅದು ತನಗೆ ತೋರಿದಂತೆ ಇಡುತ್ತದೆ. ಫೋನಿನ ನಂಬರನ್ನು ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಒಯ್ಯುವ ಸೌಲಭ್ಯ ೨೦೧೧ರಿಂದ ದೇಶಕ್ಕೆಲ್ಲ ದೊರೆತಿದೆ. ಗೋಡೆಯಲ್ಲಿ ತೂತು ಕೊರೆದು ಬಂದ ತಂತಿಗೆ ಅಂಥದು ಯಾವುದೂ ಇಲ್ಲ.

ಊರಿನ ಹತ್ತಿರ ನೆಲದೊಳಗೆ ತಂತಿ ಹೋಗಿದೆಯಲ್ಲ, ಅದರಿಂದಲೇ ಒಂದು ಕವಲು ತೆಗೆಯಬಾರದೇಕೆಂದು ನಾವು ಆ ಕೇಬಲ್ಲಿನವನನ್ನು ಕೇಳಿದೆವು. ಅವನು ಹೇಳಿದ ಉತ್ತರ ನಮಗೆ ಹಿಡಿಸಿತು: “ಅದು ಹೈವೇ ಇದ್ದಂಗೆ ಮೇಷ್ಟ್ರೇ. ನಿಮ್ ಮನೆ ಪಕ್ಕದಲ್ಲೇ ಹೋಗುತ್ತೆ, ಇಳಿಯೋಕೆ ದಾರಿ ಇರಲ್ಲ.” ದೂರದೂರುಗಳನ್ನು ಕೂಡಿಸುವ ಗಾಜಿನ ಎಳೆಯನ್ನು ನೀರಿನ ಕೊಳವೆಯಂತೆ ಬೇಕಾದಲ್ಲಿ ತೂತುಮಾಡಿ ನಲ್ಲಿ ಹಚ್ಚಲಾಗದು. ಅದಕ್ಕೆ ಜೋಡಣೆಯ ಸ್ಥಾನ ಬೇಕು, ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ತು ಬೇಕು, ನೋಡಿಕೊಳ್ಳುವವನೊಬ್ಬನು ಬೇಕು.

ವಿದ್ಯುತ್ತಿನ ಮಾತು ಬಂದುದರಿಂದ ಈ ಸೀಮೆಯ ಹಳೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಹರಿಯಿತು. ಹರಿದುದು ಎಲ್ಲಿಗೆ? ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಪ್ರಪಂಚದಲ್ಲಿಯೇ ಅಷ್ಟು ದೂರ ಆ ಒತ್ತಡದಲ್ಲಿ ವಿದ್ಯುತ್ತನ್ನು ಸಾಗಿಸಿದುದು ಆಗ ಅಪೂರ್ವವಾಗಿತ್ತು. ಆ ತಂತಿ ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಸೀಮೆಯ ಮೇಲೆಯೇ ಹಾಯ್ದಿತು. ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ ದೀಪ ಬಂದಿತು. ತಂತಿಯ ಕೆಳಗಿದ್ದ ಹಳ್ಳಿಗಳಾದರೋ ದಶಕಗಳವರೆಗೆ ಹರಳೆಣ್ಣೆ, ಸೀಮೆಎಣ್ಣೆಗಳ ಬೆಳಕಿನಲ್ಲಿಯೇ ಕುಳಿತು ತಲೆಯ ಮೇಲಿನ ಗುಂಯ್‌ಗುಟ್ಟುವಿಕೆಯನ್ನು ಕೇಳಿದುವು. ನೂರಿಪ್ಪತ್ತು ವರ್ಷಗಳು ಕಳೆದ ಮೇಲೆ ಅದೇ ಸೀಮೆಯ ಒಂದು ಮನೆಯಲ್ಲಿ ಕುಳಿತು ನಾವೂ ಅದನ್ನೇ ಕೇಳಿದೆವೆನ್ನಬಹುದು. ಗಾಜಿನ ಎಳೆ ಸದ್ದುಮಾಡುವುದಿಲ್ಲವೆಂಬುದೊಂದೇ ಭೇದ.

ಸರ್ಕಾರ ಸುಮ್ಮನಿಲ್ಲ. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನ ತಂತಿಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು ೨೦೧೧ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. ಗುರಿ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳು. ಮೊದಲು ಎಳೆದ ತಂತಿಗಳು ಬಹುಮಟ್ಟಿಗೆ ಮಾಲೆಯ ಮಣಿಗಳಂತೆ ಒಂದರ ನಂತರ ಒಂದು ಊರನ್ನು ಪೋಣಿಸಿದುವು. ನಡುವೆ ಒಂದು ಕಡೆ ಕಡಿದರೆ ಆಚೆಯ ಮಣಿಗಳೆಲ್ಲ ಉದುರಿದಂತೆಯೇ. ೨೦೨೩ರ ಆಗಸ್ಟಿನಲ್ಲಿ ೧,೩೯,೫೭೯ ಕೋಟಿ ರೂಪಾಯಿಗಳ ತಿದ್ದುಪಡಿಯ ಯೋಜನೆಯೊಂದಕ್ಕೆ ಸಮ್ಮತಿ ದೊರೆಯಿತು. ಇದರಲ್ಲಿ ಊರುಗಳನ್ನು ಬಳೆಯಾಕಾರದಲ್ಲಿ ಜೋಡಿಸಬೇಕೆಂದಿದೆ: ಒಂದು ಕಡೆ ಕಡಿದರೆ ಬೆಳಕು ಮತ್ತೊಂದು ಕಡೆಯಿಂದ ಸುತ್ತಿ ಬರುತ್ತದೆ. ಪಟ್ಟಣಿಗರು ಕಟ್ಟುವ ಫೋನಿನ ಹಣದಲ್ಲಿಯೂ ಇದರ ಪಾಲಿದೆ. ಸಂಸ್ಥೆಗಳ ಆದಾಯದಲ್ಲಿ ಶೇಕಡ ೫ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕೆಂದು ತೆಗೆದಿರಿಸುವ ನಿಧಿಯೊಂದು ೨೦೦೨ರಿಂದಲೂ ಇದೆ. ಈಗ ಅದಕ್ಕೆ ಡಿಜಿಟಲ್ ಭಾರತ ನಿಧಿಯೆಂದು ಹೆಸರು. ಇಷ್ಟೆಲ್ಲ ಸರಿಯೆ. ಪಂಚಾಯಿತಿಯ ಬಾಗಿಲಿಗೆ ಬಂದ ತಂತಿ ಪಂಚಾಯಿತಿಯ ಕಚೇರಿಯಲ್ಲಿಯೇ ನಿಂತರೆ ಮನೆಗೆ ಬರುವುದೆಂತು? ನೆರೆಯ ಒಂದೂರಿನಲ್ಲಿ, ಹೆಸರು ಬೇಡ, ಆ ಪೆಟ್ಟಿಗೆಯ ಮೇಲೆ ರಿಜಿಸ್ಟರುಗಳನ್ನು ಪೇರಿಸಿಟ್ಟಿದ್ದುದನ್ನು ನಾವು ಕಣ್ಣಾರೆ ಕಂಡೆವು.

ಬ್ರಾಡ್‌ಬ್ಯಾಂಡೆಂಬ ಹೆಸರಿಗೆ ಎಷ್ಟು ವೇಗವಿರಬೇಕೆಂಬುದನ್ನೂ ಸರ್ಕಾರ ಕಾಲಕಾಲಕ್ಕೆ ಹೇಳಿದೆ. ೨೦೦೪ರಲ್ಲಿ ಸೆಕೆಂಡಿಗೆ ೨೫೬ ಕಿಲೋಬಿಟ್ಟು, ೨೦೧೩ರಲ್ಲಿ ೫೧೨, ೨೦೨೩ರ ಜನವರಿಯಲ್ಲಿ ಎರಡು ಮೆಗಾಬಿಟ್ಟು. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕುತ್ತಿದ್ದುದು ಒಳ್ಳೆಯ ಗಳಿಗೆಯಲ್ಲಿ ಇದಕ್ಕಿಂತ ಮೇಲೆಯೇ ಇತ್ತು! ಲಕ್ಷಣಕ್ಕೆ ಕುಂದಿಲ್ಲ, ಸೊಸೆಯ ಕೆಲಸ ಮಾತ್ರ ನಡೆಯಲಿಲ್ಲ.

ಬೇರೆ ದಾರಿಗಳು ಇಲ್ಲದಿಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಂ ನಗರದವರು ೧೯೯೪ರಲ್ಲಿಯೇ ನಗರಸಭೆಯ ಸ್ವಂತ ಸಂಸ್ಥೆಯೊಂದನ್ನು ಕಟ್ಟಿ, ಗಾಜಿನ ಎಳೆಯನ್ನು ತಾವೇ ಹಾಸಿ, ಯಾವ ವ್ಯಾಪಾರಿ ಕೇಳಿದರೂ ಸಮಾನವಾದ ನಿಯಮದಲ್ಲಿ ಬಾಡಿಗೆಗೆ ಕೊಟ್ಟರು. ರಸ್ತೆ ಊರಿನದು, ಗಾಡಿ ಯಾರದಾದರೂ ಸರಿ ಎಂಬ ನ್ಯಾಯ. ಅಷ್ಟು ದೂರ ಹೋಗಬೇಕಾದುದಿಲ್ಲ. ನೆರೆಯ ಕೇರಳದಲ್ಲಿ ಸರ್ಕಾರವೇ ವಿದ್ಯುತ್ ಮಂಡಲಿಯ ಕಂಬಗಳ ಮೇಲೆ ತಂತಿ ಎಳೆಸಿ ೨೦೨೩ರ ಜೂನ್ ೫ರಂದು ಕೆ-ಫೋನ್ ಎಂಬುದನ್ನು ಆರಂಭಿಸಿತು. ವಿದ್ಯುತ್ತಿನ ಕಂಬ ನಮ್ಮ ಮನೆಯ ಮುಂದೆಯೂ ಇದೆ. ಅದನ್ನು ದಿನವೂ ನೋಡುವಾಗ ನಮಗೆ ಕೇರಳದ ನೆನಪಾಗುತ್ತಿತ್ತು.

ಕೊನೆಗೆ ಹಾದಿ ತೋರಿಸಿದವನು ಆ ಕೇಬಲ್ಲಿನವನೇ. ಅವನು ದುಷ್ಟನಲ್ಲ, ಅವನ ಲೆಕ್ಕವೂ ಹೊಂದಬೇಕಲ್ಲ. “ಎಂಟು ಮನೆ ಸೇರಿಸಿಕೊಡಿ ಮೇಷ್ಟ್ರೇ, ಡಬ್ಬಾನೇ ನಿಮ್ ಬೀದಿಗೆ ತಂದು ಕೂರಿಸ್ತೀನಿ” ಎಂದನು. ಜೂನ್ ತಿಂಗಳು ಬಂದರೆ ಶಾಲೆಗೆ ಮಕ್ಕಳನ್ನು ಸೇರಿಸಿರೆಂದು ಮನೆಮನೆಯ ಕದ ತಟ್ಟಿದ ಅಭ್ಯಾಸ ನಮಗಿತ್ತು. ಪಟ್ಟಿ ಹಿಡಿದು ಹೊರಟೆವು. ರೇಷ್ಮೆ ನೂಲು ಬಿಚ್ಚುವವರೊಬ್ಬರು ಗೂಡಿನ ಧಾರಣೆ ನೋಡಲು ಅನುಕೂಲವೆಂದು ಮೊದಲೇ ಒಪ್ಪಿದರು. ಮಗಳು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮನೆಯವರು ಒಪ್ಪಿದರು. ಮಗ ಅಮೆರಿಕದಲ್ಲಿರುವ ವೃದ್ಧ ದಂಪತಿಗಳು ಕಣ್ಣೊರೆಸಿಕೊಂಡು ಒಪ್ಪಿದರು. ಹಾಲಿನ ಡೈರಿಯವರು ಕ್ರಿಕೆಟ್ಟಿಗಾಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. “ಫೋನಾಗೇ ಎಲ್ಲಾ ಬತ್ತದಲ್ಲ ಮೇಷ್ಟ್ರೇ, ಇನ್ನ್ಯಾಕೆ ದುಡ್ಡು ಸುರಿಯೋದು?” ಎಂದು ಕೇಳಿದವರೂ ಇದ್ದರು, ಅವರ ಪ್ರಶ್ನೆ ಅವರ ಮಟ್ಟಿಗೆ ನ್ಯಾಯವಾದುದೇ. ಆರಕ್ಕೆ ನಿಂತ ಪಟ್ಟಿ ಇಪ್ಪತ್ತು ದಿನ ಅಲುಗಲಿಲ್ಲ. ಉಳಿದ ಎರಡನ್ನು ಸೇರಿಸಿದವರು ನಮ್ಮ ಮನೆಯಾಕೆ. ಗೌರಿಹಬ್ಬದ ಬಾಗಿನ ಕೊಡಲು ಹೋದವರು ಎರಡು ಮನೆಯ ಒಪ್ಪಿಗೆಯನ್ನು ಮಡಿಲಲ್ಲಿ ತಂದರು. ಅಲ್ಲಿ ಏನು ಹೇಳಿದರೋ, ನಮಗೆ ಇನ್ನೂ ತಿಳಿಸಿಲ್ಲ.

ತೋಟದ ಯಜಮಾನರು ಫೋನಿನಲ್ಲಿಯೇ ಅನುಮತಿ ಕೊಟ್ಟರು. ಡಬ್ಬ ಬಂದಿತು. ಮೀಟರಿನ ಲೆಕ್ಕ ಹೋಯಿತು. ಜೋಡಣೆ ೧,೫೦೦ಕ್ಕೆ ಇಳಿಯಿತು. ಆರು ತಿಂಗಳ ಮುಂಗಡ ಇಳಿಯಲಿಲ್ಲ. ಒಟ್ಟು ೭,೧೫೭ ರೂಪಾಯಿ ಕಟ್ಟಿದೆವು. ವೇಗ ಅದೇ ಮೂವತ್ತು. ಸಂಸ್ಥೆಯೂ ಅದೊಂದೇ, ನಾಳೆ ಅದು ಬೆಲೆಯೇರಿಸಿದರೆ ತಿರುಗಿ ನೋಡಲು ಮತ್ತೊಂದಿಲ್ಲ.

ಗೋಡೆಯಲ್ಲಿ ತೂತು ಕೊರೆದು ಎಳೆಯನ್ನು ಒಳಗೆ ತಂದ ದಿನ ತಾಯಿಯವರು ಕುರ್ಚಿ ಹಾಕಿಸಿಕೊಂಡು ಕುಳಿತು ನೋಡಿದರು. “ಇಷ್ಟೇ ಸಣ್ಣದೇ?” ಎಂದರು. ಹಸಿರು ದೀಪ ಹೊತ್ತಿಕೊಂಡಿತು. ಮೊಮ್ಮಗಳ ಮುಖ ಪರದೆಯ ಮೇಲೆ ಬಂದಾಗ ಅವರು ಕನ್ನಡಕವನ್ನು ಒರೆಸಿ ಹಾಕಿಕೊಂಡು, “ಊಟ ಮಾಡಿದೆಯೇನೇ?” ಎಂದು ಕೇಳಿ, ಉತ್ತರ ಬರುವ ಮುಂಚೆ ನಮ್ಮ ಕಡೆ ತಿರುಗಿ, “ಇವಳು ಯಾವಾಗ ಬರುತ್ತಾಳಂತೆ?” ಎಂದರು.

ಯೋಗಕ್ಷೇಮವೆಂಬ ಮಾತನ್ನು ನಾವು ಪತ್ರಗಳ ಮೊದಲಲ್ಲಿ ಬರೆಯುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಉಳಿಸಿಕೊಳ್ಳುವುದು ಕ್ಷೇಮ. ಯೋಗವೇನೋ ನಾಲ್ಕು ತಿಂಗಳಿಗೆ ಒದಗಿತು. ಹತ್ತೊಂಬತ್ತನೆಯ ದಿನ ಚರಂಡಿ ಅಗೆಯಲು ಬಂದ ಜೆಸಿಬಿಯ ಹಲ್ಲಿಗೆ ಕ್ಷೇಮ ಸಿಕ್ಕಿತು. ಅಗೆಯುವವರು ನೆಲದೊಳಗಿನ ತಂತಿಯ ಒಡೆಯರಿಗೆ ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ ೨೦೨೩ರ ಮಾರ್ಚಿನಲ್ಲಿ ಒಂದು ಆ್ಯಪನ್ನೇ ಹೊರತಂದಿದೆ. ನಮ್ಮ ಜೆಸಿಬಿಯ ಹುಡುಗನು ಅದರ ಹೆಸರನ್ನು ಕೇಳಿರಲಿಲ್ಲ. ಮೂರು ದಿನ ಎಂಟು ಮನೆಗಳಲ್ಲಿಯೂ ಕೆಂಪು ದೀಪ. ನಾಲ್ಕನೆಯ ದಿನ ಕೇಬಲ್ಲಿನವನು ಮರದ ಕೆಳಗೆ ಕುಳಿತು, ತುಂಡಾದ ಎರಡು ತುದಿಗಳನ್ನು ಒಂದು ಪುಟ್ಟ ಯಂತ್ರದಲ್ಲಿ ಕಿಡಿ ಹಾಯಿಸಿ ಬೆಸೆದನು. ಅಕ್ಕಸಾಲಿಗರ ಕೆಲಸದಷ್ಟು ಸೂಕ್ಷ್ಮ. ನಾವು ನಿಂತು ನೋಡಿದೆವು.

ಇದನ್ನೆಲ್ಲ ಮುಚ್ಚಿಡದೆ ಸೊಸೆಗೆ ತಿಳಿಸಿದೆವು. ಅವಳು ತನ್ನ ಕಚೇರಿಯವರೊಡನೆ ಮಾತನಾಡಿದ್ದಾಳೆ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಹೊಂಗನೂರು, ಉಳಿದ ದಿನ ಬೆಂಗಳೂರು. ತಂತಿ ಕಡಿದ ದಿನಕ್ಕೆಂದು ಬೇರೊಂದು ಸಂಸ್ಥೆಯ ಡಾಂಗಲ್ಲು. ಎರಡು ಮನೆಯ ಬಾಡಿಗೆ, ಎರಡು ನೆಟ್ಟಿನ ಬಾಡಿಗೆ. ಲೆಕ್ಕ ಅವಳ ಕಸುಬು. ತಿಂಗಳ ಕೊನೆಗೆ ಕೂಡಿಸಿ ಕಳೆದು ಹೇಳುತ್ತೇನೆಂದಿದ್ದಾಳೆ. ಬರುವ ಬುಧವಾರ ಮಗುವನ್ನು ಕರೆದುಕೊಂಡು ಬರುತ್ತಾಳೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಸಿದ್ದೇವೆ. ಕರೆಂಟು ಹೋದರೆ ಪೆಟ್ಟಿಗೆಯೂ ನಿಲ್ಲುತ್ತದಾದ ಕಾರಣ ಒಂದು ಬ್ಯಾಟರಿ ತರಲು ನಾಳೆ ಬೆಳಗಿನ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋಗಬೇಕು. ಹಾಗೆಯೇ ಹಳೆಯ ರಸ್ತೆಯ ಅಂಗಡಿಯಲ್ಲಿ ಮಗುವಿಗೆ ಒಂದು ಮರದ ಕುದುರೆಯನ್ನು ತರಬೇಕೆಂದು ತಾಯಿಯವರು ಹೇಳಿದ್ದಾರೆ.